೪೧೭ನೆಯ ದಾಖಲೆ ಪುಸ್ತಕದ ಎಡಪುಟ

ಫೆಬ್ರುವರಿ ೩೧, ೨೨೪೩

ವಿಶ್ವವಿದ್ಯಾಲಯದ ಶಿಕ್ಷಣ ಗ್ರಂಥಾಲಯದಲ್ಲಿ ವಿಶೇಷ ಸಂಗ್ರಹ ನೋಡಿಕೊಳ್ಳುವ ಕುಸುಮಾವತಿ ಮೇಡಮ್ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತೊಂದು ದಿನ. ಕಾರಣ ಹೇಳಹೊರಟರೆ ಪತ್ರ ಅಲ್ಲಿಗೇ ಮುಗಿಯುತ್ತದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ನಿಮ್ಮದೇ ಗ್ರಂಥಾಲಯದ ಬಿ.ಎಡ್. ದಾಖಲೆ ಪುಸ್ತಕಗಳಿಂದ ಕಲಿತವಳು ನಾನು.

ನೀವು ಕೂತ ಜಾಗದಲ್ಲೇ ಈಗ ನಾನು ಕೂತಿದ್ದೇನೆ. ನನ್ನ ಕೆಲಸಕ್ಕೆ ಶೋಧಾಸರೆ ಎನ್ನುತ್ತೇವೆ; ಸಂಶೋಧಕರು ಕೇಳಿದ್ದನ್ನು ಹುಡುಕಿಕೊಡುವುದು. ಮೂವತ್ತು ವರ್ಷ ಬೇರೆಯವರಿಗಾಗಿ ಹುಡುಕಿದೆ. ಈ ವರ್ಷ ಮೊದಲ ಬಾರಿಗೆ ಬೇಡಿಕೆ ಚೀಟಿಯಲ್ಲಿ ನನ್ನ ಹೆಸರನ್ನೇ ಬರೆದೆ. ಇಲ್ಲಿ ಮಕ್ಕಳಿಗೆ ಓದು ಕಲಿಸುವುದು ಕಲಿಗಿವಿ, ಕಿವಿಯ ಹಿಂದೆ ಅಂಟಿಸುವ ಯಂತ್ರ. ನನ್ನ ಮೊಮ್ಮಗಳು ಮಂದಾರೆಗೆ ಎಂಟು ವರ್ಷ. ಮಾತಿನಲ್ಲಿ ಬಲು ಚುರುಕು, ಅಕ್ಷರ ಮಾತ್ರ ತಲೆಗೆ ಹತ್ತಲೊಲ್ಲದು. ಯಂತ್ರ ಮೂರು ಸಲ ಕೈಚೆಲ್ಲಿತು. ನಾಲ್ಕನೆಯ ಸಲವೂ ಹಾಗೇ ಆದರೆ ಅವಳನ್ನು 'ಕೇಳುಗರ' ಪಟ್ಟಿಗೆ ಸೇರಿಸುತ್ತಾರೆ. ಅಂದರೆ ಬದುಕಿಡೀ ಯಾರೋ ಓದಿ ಹೇಳಿದ್ದನ್ನು ನಂಬಿಕೊಂಡಿರಬೇಕು. ಮನುಷ್ಯರು ಕಲಿಸುತ್ತಿದ್ದ ಬಗೆ ಬಲ್ಲವರು ಇಲ್ಲಿ ಒಬ್ಬರೂ ಉಳಿದಿಲ್ಲ.

ಹುಡುಕುತ್ತಾ ೪೧೭ನೆಯ ಪುಸ್ತಕದ ಸ್ಕ್ಯಾನ್ ಪ್ರತಿ ಸಿಕ್ಕಿತು. ಬಿಬಿಜಾನ್ ಎಂಬ ತರಬೇತಿ ಶಿಕ್ಷಕಿ ಇಂಥದೇ ಹುಡುಗಿಯ ಬಗ್ಗೆ ಬಲಪುಟದಲ್ಲಿ ಬರೆದಿದ್ದಾಳೆ: "ಈ ದಿನ ಅವಳು ತಾನಾಗಿ ಓದಿದಳು. ಕಲಿಸಿದ ರೀತಿಗೆ ಎಡಪುಟದ ಚಿತ್ರ ನೋಡಿ." ಎಡಪುಟವೇ ಇಲ್ಲ. ಸ್ಕ್ಯಾನ್ ಮಾಡುವವರಿಗೆ ನೀವು ಕೊಟ್ಟ ಸೂಚನೆಯೂ ಸಿಕ್ಕಿತು: ಗೆರೆಯಿಲ್ಲದ ಎಡಪುಟಗಳು ಖಾಲಿ, ಬಿಟ್ಟುಬಿಡಿ. ಮೇಡಮ್, ನೀವೂ ಬಿ.ಎಡ್. ಮಾಡಿದವರಲ್ಲವೇ? ಬಲಪುಟಕ್ಕೆ ಪೆನ್ನು, ಎಡಪುಟಕ್ಕೆ ಪೆನ್ಸಿಲ್ ಎಂದು ನಿಮಗೆ ಎಷ್ಟು ಸಲ ಹೇಳಿರಲಿಕ್ಕಿಲ್ಲ? ಪೆನ್ಸಿಲ್ ಗೆರೆ ಮಾಸಿ ಖಾಲಿಯಂತೆ ಕಂಡಿತೇನೋ. ಆಮೇಲೆ ಪುಸ್ತಕಗಳು ರದ್ದಿಗೆ ಹೋದವು. ನಿಮ್ಮ ಮೇಲೆ ಎರಡು ದಿನ ಸಿಟ್ಟಿನಲ್ಲಿ ಕುದಿದೆ, ಸುಳ್ಳೇಕೆ ಹೇಳಲಿ.

ಆ ಬಲಪುಟವನ್ನು ಮಂದಾರೆಗೆ ಓದಿ ಹೇಳಿದೆ. ಅವಳು ಪರದೆಯ ಎಡಕ್ಕೆ ಬೆರಳಿಟ್ಟು, "ಅಜ್ಜಿ, ಅಕಿ ಇಲ್ಲೇನ್ ಬರದಿದ್ಲು? ನನಗೂ ಹಂಗ ಕಲಸ್ತಿಯೇನು?" ಎಂದಳು. ಆಗಲೇ ಈ ಪತ್ರ ಬರೆಯಲು ಕೂತೆ.

ಅವಳ ನಾಲ್ಕನೆಯ ಪರೀಕ್ಷೆ ಸೋಮವಾರ. ನಿಮ್ಮ ಸೂಚನೆಯ ತಾರೀಖು ಜೂನ್ ಒಂಬತ್ತು. ರದ್ದಿಯ ಗಾಡಿ ಬಂದದ್ದು ಹನ್ನೊಂದಕ್ಕೆ. ಹಿಂದಿನ ಕಾಲಕ್ಕೆ ಪತ್ರ ಒಯ್ಯುವ ನಮ್ಮ ಅಂಚೆಯವರನ್ನು, ಇದು ನಿಮಗೆ ಹತ್ತನೇ ತಾರೀಖಿಗೆ ಸಿಗಲೆಂದು ಬೇಡಿಕೊಂಡಿದ್ದೇನೆ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ, ಪೆನ್ಸಿಲ್ ಗೆರೆ ಕಾಣುತ್ತದೆ. ಆ ಒಂದು ಪುಟ ಉಳಿಸಿ, ಸ್ಕ್ಯಾನ್‌ಗೆ ಸೇರಿಸಿ ಮೇಡಮ್; ನೀವು ಅಲ್ಲಿ ಸೇರಿಸಿದರೆ ಇಲ್ಲಿ ನನ್ನ ಪರದೆಯಲ್ಲೂ ಮೂಡುತ್ತದೆ. ನನ್ನ ಮುಂದೆ ಪರದೆಯ ಮೇಲೆ ೪೧೭ನೆಯ ಪುಸ್ತಕದ ಪ್ರತಿ ತೆರೆದೇ ಇದೆ, ಪಕ್ಕದಲ್ಲಿ ಮಂದಾರೆ ಕೂತಿದ್ದಾಳೆ. ಎಡಗಡೆ ಇನ್ನೂ ಏನೂ ಮೂಡಿಲ್ಲ.

ನಿಮ್ಮ ಕುರ್ಚಿಯ ಉತ್ತರಾಧಿಕಾರಿ,
ನೀಲಗಂಗಾ