ಹುಳು ಮನೆಯ ಜ್ವರ ಬಿಟ್ಟಿತು, ಅತ್ತೆ

ನನ್ನ ಅತ್ತೆಗೆ,

ಮೊದಲೇ ಹೇಳಿಬಿಡುತ್ತೇನೆ, ಚಪ್ಪಲಿ ಹೊರಗೆ ಬಿಟ್ಟೇ ಬಂದು ಕೂತಿದ್ದೇನೆ. ಇಲ್ಲದಿದ್ದರೆ ನೀವು ಈ ಕಾಗದ ಮುಟ್ಟುವವರಲ್ಲ.

ಮಂಡಿ ನೋವು ಜಾಸ್ತಿಯಾಗಿ ನೀವು ರೇಷ್ಮೆ ಸಾಕುವುದನ್ನು ನಿಲ್ಲಿಸಿದ ವರ್ಷ ನೆನಪಿದೆಯಾ? ವಿರೂಪಾಕ್ಷಿಪುರದ ನಮ್ಮ ಹುಳು ಮನೆಗೆ ತೆಂಗಿನಕಾಯಿ ತುಂಬಿದರು. ನೀವು ನನ್ನ ಪಕ್ಕ ಬಂದು ಕೂತಿರಿ. ಆನ್‌ಲೈನ್ ಲೋಕಗಳಿಗೆ ಮನೆ, ಮರ, ಮೇಜು ಮಾಡಿಕೊಡುವ ನನ್ನ ಕೆಲಸ ಅಲ್ಲಿಯವರೆಗೆ ನಿಮ್ಮ ಬಾಯಲ್ಲಿ ‘ಗೊಂಬೆ ಆಟ’. ಅಂದು ಮಾತ್ರ ಪರದೆಯೊಳಗೆ ಜನ ಓಡಾಡುವುದನ್ನು ದಿಟ್ಟಿಸಿ ನೋಡಿ, “ಅಲ್ಲಿ ಮಂಡಿ ನೋಯಕಿಲ್ವೇನವ್ವ?” ಎಂದಿರಿ. ಇಲ್ಲ ಅಂದೆ. “ಅಂಗಾರೆ ನಂಗೊಂದು ಹುಳದ್ಮನೆ ಕಟ್ಕೊಡು.” ಇಂಥ ಅತ್ತೆ ಯಾವ ಸೊಸೆಗೆ ಸಿಕ್ಕಾರು ಹೇಳಿ?

ಮೊದಲ ತಟ್ಟೆಯ ಹುಳುಗಳನ್ನು ಮಾಡಿ ತೋರಿಸಿದ ದಿನ ನೀವು ಬೈದದ್ದು ಇನ್ನೂ ಕಿವಿಯಲ್ಲಿದೆ. ಎಲ್ಲವೂ ಒಟ್ಟಿಗೆ ತಲೆ ಆಡಿಸುತ್ತಿದ್ದವು. “ಇದೇನ್ ಪೊಲೀಸ್ನೋರ ಕವಾಯತ್ತಾ? ಒಂದೊಂದ್ ಹುಳಾನೂ ಒಂದೊಂದ್ ತರ ಆಡ್ತದೆ ಕಣವ್ವ.” ಸರಿ, ಒಂದೊಂದು ಹುಳುವಿಗೂ ಬೇರೆ ಬೇರೆ ಪ್ರೋಗ್ರಾಂ ಬರೆದೆ. ಹಿಪ್ಪುನೇರಳೆ ಸೊಪ್ಪಿನ ಎಲೆ ಎಲೆಯನ್ನೂ ಬಿಡಿಬಿಡಿಯಾಗಿ ಮಾಡಿದೆ. ಹುಳು ಸೊಪ್ಪು ಮೇಯುವ ಸದ್ದನ್ನು ಪಕ್ಕದ ಮನೆಯಲ್ಲಿ ರೆಕಾರ್ಡ್ ಮಾಡಿ ತಂದೆ. ಕೊನೆಗೆ ಆ ಮನೆ ಕಂಪ್ಯೂಟರಿಗೆ ಎಷ್ಟು ಭಾರವಾಯಿತೆಂದರೆ, ಒಳಗೆ ಕಾಲಿಟ್ಟವರು ಇಟ್ಟಲ್ಲೇ ಸಿಕ್ಕಿಕೊಂಡರು. ಎತ್ತಿದ ಹೆಜ್ಜೆ ಊರುವುದು ಯಾವಾಗಲೋ, ಆಡಿದ ಮಾತು ತಲುಪುವುದು ಇನ್ಯಾವಾಗಲೋ. ಇದಕ್ಕೆ ಲ್ಯಾಗ್ ಅಂತಾರೆ ಅಂದೆ. ನೀವು ಕೇಳಲಿಲ್ಲ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿ ಅಲುಗದೆ ನಿಲ್ಲುತ್ತದಲ್ಲ, ಅದನ್ನು ನಮ್ಮ ಕಡೆ ಜ್ವರ ಅನ್ನುವುದು. “ಮನೆ ಜ್ವರುಕ್ ಕೂತದೆ, ಬುಡು” ಅಂದಿರಿ. ಆವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಲ್ಯಾಗ್ ಅಂದದ್ದೇ ಇಲ್ಲ.

ಪರದೇಶದವರು ಹುಳು ಮನೆ ನೋಡಲು ಬಂದ ದಿನವಂತೂ ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತ್ತು. ಪರದೆಯೊಳಗೆ ಅವರ ಬದಲಿಗೆ ಓಡಾಡುವ ಗೊಂಬೆಗಳಿಗೆಲ್ಲ ಥಳಥಳಿಸುವ ಬೂಟು, ನಕ್ಷತ್ರ ಉದುರಿಸುವ ಬಟ್ಟೆ. ನೀವು ಬಾಗಿಲಲ್ಲೇ ತಡೆದಿರಿ. “ಕಾಲಲ್ಲಿರದು ಬುಟ್ಟು ಬರಾಕೇಳು. ಆ ಮಿಂಚೋ ಬಟ್ಟೇನೂ ಬ್ಯಾಡ. ಹುಳುಕ್ಕೆ ಸೋಂಕಾಯ್ತದೆ.” ಅತ್ತೆ, ಇವು ನಿಜವಾದ ಹುಳು ಅಲ್ಲ ಅಂತ ಪಿಸುಗುಟ್ಟಿದೆ. “ಹುಳ ಅಂದ್ಮೇಲೆ ಹುಳವೇ, ಸುಮ್ಕಿರು.” ಅವರು ನಗುತ್ತ ತೆಗೆದಿಟ್ಟರು. ತೆಗೆದದ್ದೇ ತಡ, ಮನೆ ಸರಾಗವಾಗಿ ನಡೆಯಿತು! ಒಬ್ಬರ ಬೂಟಿನ ಹೊಲಿಗೆಯನ್ನೂ, ಬಟ್ಟೆಯಿಂದ ಉದುರುವ ಚುಕ್ಕಿಯನ್ನೂ ಅಲ್ಲಿರುವ ಎಲ್ಲರ ಕಂಪ್ಯೂಟರೂ ಬಿಡಿಸಬೇಕಲ್ಲ, ಆ ಹೊರೆ ಇಳಿದಿತ್ತು. ನಿಮಗೆ ಹೇಳಿದರೆ ಬಿದ್ದು ಬಿದ್ದು ನಕ್ಕಿರಿ. “ನಿನ್ ಲ್ಯಾಗು ನಂಗೇನ್ ಗೊತ್ತವ್ವ? ನಂಗೊತ್ತಿರದು ಹುಳ.” ನಿಮ್ಮ ಹಟ ನನಗೆ ಎಷ್ಟು ಇಷ್ಟವಾಗಿತ್ತೆಂದು ಆಗಲೇ ಹೇಳಬೇಕಿತ್ತು...

ಆದರೆ ದೊಡ್ಡಮ್ಮನಿಗೆ ಮಾತ್ರ ಮನೆ ಅಷ್ಟು ಹಗುರಾದದ್ದೂ ಸಾಲಲಿಲ್ಲ. ದೊಡ್ಡಆಲಹಳ್ಳಿಯಲ್ಲಿ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದ ನಿಮ್ಮಕ್ಕ. ಚಿಕ್ಕಂದಿನಲ್ಲಿ ತವರಿನಲ್ಲಿ ಹಾಕುತ್ತಿದ್ದ ಹಾಗೆ ಇಬ್ಬರೂ ಇನ್ನೊಂದು ಸಲ ಜೊತೆಯಾಗಿ ಸೊಪ್ಪು ಹಾಕಬೇಕು ಅನ್ನುವುದೊಂದೇ ನಿಮ್ಮ ಆಸೆ. ಅವರ ಹಳೆಯ ಫೋನು ಪರದೆಯ ಹುಳು ಮನೆಯ ಬಾಗಿಲಿಗೆ ಬಂದೊಡನೆ ನಿಂತುಬಿಡುತ್ತಿತ್ತು. “ಅಕ್ಕ, ಬಂದ್ಯಾ?” “ಬಾಗ್ಲಲ್ಲೇ ಇವ್ನಿ ಕಣೆ.” ಇಷ್ಟೇ ಮಾತು, ಪ್ರತಿ ಸಲವೂ. ಆಸ್ಪತ್ರೆಯಲ್ಲಿ ಕೊನೆಗೆ ನೀವು ನನ್ನ ಕೈ ಹಿಡಿದು ಕೇಳಿದ್ದೂ ಅದನ್ನೇ, “ಅಕ್ಕ ಒಳಿಕ್ಕೆ ಬಂದ್ಲಾ?”

ನಿಮ್ಮ ತಿಥಿ ಮುಗಿದ ಮೇಲೆ ಮನೆ ಹಗುರ ಮಾಡಲು ಕೂತೆ. ಅರ್ಧ ಹುಳು ಅಳಿಸಿದರೆ ಸಾಕಿತ್ತು, ಕೈ ಬರಲಿಲ್ಲ. ಆಗ ನೀವು ಹೊಸಬರಿಗೆಲ್ಲ ಹೇಳುತ್ತಿದ್ದುದು ನೆನಪಾಯಿತು. “ಜ್ವರುಕ್ ಕೂತಿರೋವ್ನ ಮುಟ್ಬ್ಯಾಡಿ. ಎದ್ಮೇಲೆ ಸೊಪ್ಪಾಕಿ.” ಅಯ್ಯೋ, ನೋಡುವವರೇ ಇಲ್ಲದಾಗ ಇಷ್ಟೊಂದು ಹುಳು ಎದ್ದು ಕೂತು ಮಾಡುವುದಾದರೂ ಏನು? ಎಲ್ಲವನ್ನೂ ಜ್ವರಕ್ಕೆ ಕೂರಿಸಿದೆ. ಯಾರು ಯಾವ ತಟ್ಟೆಗೆ ಸೊಪ್ಪು ಹಾಕುತ್ತಾರೋ ಆ ತಟ್ಟೆ ಮಾತ್ರ ಏಳುತ್ತದೆ, ಅವರು ಹೋದರೆ ಮತ್ತೆ ಜ್ವರ. ಬಿಡಿ ಎಲೆಗಳನ್ನು ಒಂದೇ ಹೊರೆ ಮಾಡಿದೆ. ಒಂದು ಹುಳುವನ್ನೂ ಕೊಲ್ಲಲಿಲ್ಲ, ಅತ್ತೆ. ಮುಂದೆಯೂ ಕೊಲ್ಲುವುದಿಲ್ಲ.

ಹೋದ ಭಾನುವಾರ ದೊಡ್ಡಮ್ಮನ ಮಂಚದ ಪಕ್ಕ ಹೋಗಿ ಕೂತೆ. ಅದೇ ಹಳೆಯ ಫೋನು. ಪರದೆಯಲ್ಲಿ ಅಂಗಳ ದಾಟಿದರು, ಬಾಗಿಲಿಗೆ ಬಂದರು, ನಿಂತರು. ನಾನು ಫೋನಿನತ್ತ ಬಗ್ಗಿದೆ. “ಮತ್ತೆ ಜ್ವರ ಬಂತಾ ದೊಡ್ಡಮ್ಮ?” “ತಡಿಯವ್ವ, ಚಪ್ಪಲಿ ಬುಡೋ ಜಾಗ ನೋಡ್ತಿವ್ನಿ” ಅಂದರು. ಬಿಟ್ಟರು, ಒಳಗೆ ನಡೆದರು, ಎಲ್ಲೂ ತಡೆಯಲಿಲ್ಲ. ತಟ್ಟೆಗೆ ಸೊಪ್ಪು ಹಾಕಿದರು. ಹುಳುಗಳು ಒಂದೊಂದಾಗಿ ಎದ್ದು, ಒಂದೊಂದು ಒಂದೊಂದು ಥರ ತಲೆ ಆಡಿಸಿ, ಮೇಯತೊಡಗಿದವು. ದೊಡ್ಡಮ್ಮ ನೋಡುವುದು ಬಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡರು. ಆ ಚರಪರ ಸದ್ದು ಕೇಳುತ್ತ ಕಣ್ಣು ಮುಚ್ಚಿಕೊಂಡರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ತಂದು ಹೇಳಿದರು, ನನಗಲ್ಲ, ನಿಮಗೆ.

“ಪುಟ್ತಾಯಿ, ಒಳಿಕ್ಕೆ ಬಂದೆ ಕಣೆ.”