ನೂರು ಮಿಲಿಸೆಕೆಂಡ್

ಮಲ್ಲಿಕ್ ಸರ್‌ಗೆ ನಮಸ್ಕಾರ,

ಕೋಡಿಂಗ್ ವಾಟ್ಸಾಪ್ ಗ್ರೂಪಲ್ಲಿ ನೀವು ಹಾಕೋ ಒಂದೊಂದು ಉತ್ತರಾನೂ ಸೇವ್ ಮಾಡಿಟ್ಕೊಳ್ಳೋ ಭೂಮಿಕಾ ನಾನು. ಎಲ್ಲರ ಮುಂದೆ ಕೇಳೋಕೆ ನಾಚಿಕೆ ಆಗಿ ನಿಮಗೊಬ್ಬರಿಗೇ ಬರೀತಿದ್ದೀನಿ.

ಅಮ್ಮ ಕೆಲಸ ಮಾಡೋ ಅಡಿಕೆ ಹಾಳೆ ತಟ್ಟೆ ಪ್ರೆಸ್‌ಗೆ ಮೂರು ದಿನದ ಹಿಂದೆ ಸೆನ್ಸರ್ ಕೂರಿಸಿದ್ದು ನಾನೇ. ಒಳಗೆ ಕೈ ಇದ್ಯಾ ಅಂತ ನೂರು ಮಿಲಿಸೆಕೆಂಡಿಗೊಂದ್ಸಲ ನೋಡುತ್ತೆ, ಇದ್ರೆ ಅಚ್ಚು ನಿಲ್ಲಿಸುತ್ತೆ. "ಎಲ್ಲಕ್ಕಿಂತ ಕೆಟ್ಟ ಗಳಿಗೆ ಹಿಡಿದು ಲೆಕ್ಕ ಹಾಕಮ್ಮ" ಅಂದಿದ್ರಿ. ನಾನು ಹೆಬ್ಬೆರಳಿನ ಇಮೋಜಿ ಹಾಕಿ ಸುಮ್ಮನಾದೆ. ಅಚ್ಚು ಇಳಿಯೋಕೆ ಒಂದು ಸೆಕೆಂಡ್ ಬೇಕು, ಸಾಕು ಅನ್ಕೊಂಡೆ.

ಇವತ್ತು ನಿಂತು ನೋಡಿದೆ. ಅಚ್ಚು ಇನ್ನೇನು ಮುಚ್ಚಬೇಕು ಅನ್ನುವಾಗ, ಜಾರಿದ ಒದ್ದೆ ಹಾಳೇನ ಅಮ್ಮ ಬೆರಳಲ್ಲಿ ಒಳಕ್ಕೆ ತಳ್ತಾರೆ. ಅಲ್ಲಿನ ಹೆಂಗಸರೆಲ್ಲ ಹಂಗೇ. ವಿಡಿಯೋ ತೆಗೆದು ಎಣಿಸಿದೆ. ಆಗ ಅಚ್ಚು ಮುಚ್ಚೋಕೆ ಉಳಿಯೋದು ಎಂಬತ್ತೇ ಮಿಲಿಸೆಕೆಂಡ್.

"ಮೂರು ದಿನದಿಂದ ಏನೂ ಆಗಿಲ್ವಲ್ಲೇ ಮಾರಾಯ್ತಿ" ಅಂತಾರೆ ಅಮ್ಮ.

ನೂರನ್ನ ಹತ್ತಕ್ಕೆ ಇಳಿಸಿದ್ದೀನಿ. ಈಗ ಅದೇ ಚಿಪ್ ಮಾಡೋ ಇನ್ನೊಂದು ಕೆಲಸ, ಅಚ್ಚಿನ ಬಿಸಿ ನೋಡೋ ಟಾಸ್ಕ್, ತಡ ಆಗ್ತಿದೆ. ಅದು ತಡ ಆದ್ರೆ ತಟ್ಟೆ ಸೀದುಹೋಗುತ್ತೆ, ಅಷ್ಟೇ ಅಲ್ವಾ ಸರ್? ಕೋಡ್ ಜೊತೆಗಿದೆ. ಊಟದ ಬಿಡುವು ಎರಡಕ್ಕೆ ಮುಗಿಯುತ್ತೆ, ಅಷ್ಟರೊಳಗೆ ಒಂದ್ಸಲ ನೋಡಿ.

ಓನರ್ ಕರಿಯಣ್ಣ ಮಷಿನ್ ಫ್ಯೂಸ್ ಹುಡುಕ್ತಿದ್ದಾರೆ. ಅದು ನನ್ನ ಜೇಬಲ್ಲಿದೆ. ನೀವು ಸರಿ ಅನ್ನೋವರೆಗೂ ಕೊಡಲ್ಲ.

ಇಂತಿ,
ಭೂಮಿಕಾ, ಜನ್ನಾಪುರ