ಜೂನ್ ಹದಿನೇಳರ ಪಟ್ಟಿ ಮತ್ತು ನನ್ನ ಮೂರನೇ ತರಗತಿ

ಐಸ್ ಹಾಕಿ ಲೀಗಿನ ಮಾನ್ಯ ಆಯುಕ್ತರೇ,

ಜೂನ್ ಹದಿನೇಳರ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನೀವು ಒಂದು ಪಟ್ಟಿ ಹೊರಡಿಸುತ್ತೀರಿ. ಆ ಹೊತ್ತಿಗೆ ನನ್ನ ಮೂರನೇ ತರಗತಿಯಲ್ಲಿ ಭಾಗಾಕಾರದ ಪಾಠ ನಡೆಯುತ್ತಿರುತ್ತದೆ. ಆ ಪಟ್ಟಿಯ ದೆಸೆಯಿಂದ ನನ್ನ ತರಗತಿಯ ಒಂದು ಮಗುವಿನ ಬೆರಳಿನ ತುದಿ ಹೋಗುವುದರಲ್ಲಿದೆ. ಪಟ್ಟಿಯೋ, ಇನ್ನೂ ಹೊರಬಿದ್ದೇ ಇಲ್ಲ. ಬಿದ್ದ ಮೇಲೆ ಇನ್ನೇನು ಹೋಗುತ್ತದೋ ಎಂಬ ಹೆದರಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೇ ಹೇಳಿಬಿಡುತ್ತೇನೆ, ನಾನು ಹಾಕಿಯ ವೈರಿಯಲ್ಲ. ವರ್ಷದಲ್ಲಿ ಐದು ತಿಂಗಳು ನದಿ ಕಲ್ಲಾಗಿ ಮಲಗುವ ನಮ್ಮ ಫೋರ್ಟ್ ಲಾರೋಶಿನಲ್ಲಿ ಹಾಕಿಯ ವೈರಿಯಾಗಿ ಬದುಕಲು ಆಗುವುದೂ ಇಲ್ಲ. ನನ್ನಪ್ಪ ಹಿತ್ತಲಿಗೆ ನೀರು ಬಿಟ್ಟು ಮಂಜುಗಟ್ಟಿಸಿ, ನಮ್ಮ ಐದು ಜನ ಮಕ್ಕಳಿಗೂ ನೆಟ್ಟಗೆ ನಡೆಯಲು ಬರುವ ಮುಂಚೆಯೇ ಜಾರುವುದನ್ನು ಕಲಿಸಿದ. ಹದಿನಾಲ್ಕು ವರ್ಷ ಹೆಂಗಸರ ತಂಡದಲ್ಲಿ ಗೋಲು ಕಾದಿದ್ದೇನೆ. ಮುಂದಿನ ಎರಡು ಹಲ್ಲು ನನ್ನವಲ್ಲ. ಆದ್ದರಿಂದ ‘ಆಟದ ಗಂಧಗಾಳಿ ಇಲ್ಲದ ಟೀಚರಮ್ಮ’ ಎಂದು ನಿಮ್ಮ ಕಚೇರಿಯವರು ಈ ಪತ್ರವನ್ನು ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ.

ನಿಮ್ಮ ನಿಯಮವನ್ನು ನಿಮಗೇ ಒಪ್ಪಿಸುತ್ತೇನೆ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ. ಲೀಗಿಗೆ ಹೊಸದೊಂದು ತಂಡ ಸೇರುತ್ತದೆ. ಅದಕ್ಕೆ ಆಟಗಾರರು ಎಲ್ಲಿಂದ ಬರಬೇಕು? ಆಕಾಶದಿಂದ ಉದುರುವುದಿಲ್ಲವಲ್ಲ. ಹಳೆಯ ಒಂದೊಂದು ತಂಡವೂ ತನ್ನವರಲ್ಲಿ ಹನ್ನೊಂದು ಮಂದಿಯ ಹೆಸರು ಬರೆದು ‘ಇವರನ್ನು ಮುಟ್ಟಬೇಡಿ’ ಎನ್ನಬಹುದು. ಉಳಿದವರೆಲ್ಲ ಬಯಲು. ಆ ಬಯಲಿನಿಂದ ಹೊಸ ತಂಡ ಒಂದೊಂದು ಕಡೆಯಿಂದ ಒಬ್ಬೊಬ್ಬನನ್ನು ಎತ್ತಿಕೊಂಡು ಹೋಗುತ್ತದೆ. ಅದೂ ಸಾಲದೆಂಬಂತೆ, ದೊಡ್ಡ ಆಟಗಾರರ ಕರಾರಿನಲ್ಲೇ ‘ಇವರನ್ನು ಕದಲಿಸುವಂತಿಲ್ಲ’ ಎಂದು ಬರೆದಿರುತ್ತದೆ. ಅಂದರೆ ಪಟ್ಟಿಯ ಮೇಲಿನ ಸಾಲುಗಳು ಬರೆಯುವ ಮುಂಚೆಯೇ ತುಂಬಿರುತ್ತವೆ, ತಳ್ಳಾಟವೆಲ್ಲ ಕೆಳಗಿನವರದು. ನಿಮ್ಮ ಕಚೇರಿಯ ಭಾಷೆಯಲ್ಲಿ ಇದಕ್ಕೆ ‘ವಿಸ್ತರಣೆ’ ಎಂದು ಹೆಸರು. ಎಷ್ಟು ಚಂದದ ಮಾತು! ಕೇಳಿದವರಿಗೆ ಯಾರೋ ಪುಣ್ಯಾತ್ಮರು ಮನೆಗೆ ಇನ್ನೊಂದು ಕೋಣೆ ಕಟ್ಟಿಸುತ್ತಿದ್ದಾರೆ ಅನ್ನಿಸಬೇಕು.

ನನ್ನ ತರಗತಿಯ ವೆನ್ಲಾಳಿಗೆ ಎಂಟು ವರ್ಷ. ಅವಳ ಅಪ್ಪ ತೊರ್ಸ್ತಿ ಮೆಟ್ಸಾಲಾ ಫಿನ್ಲೆಂಡಿನವರು, ನಮ್ಮ ತಂಡದ ಆರನೇ ರಕ್ಷಣಾ ಆಟಗಾರ. ಹನ್ನೊಂದರಲ್ಲಿ ರಕ್ಷಣೆಯವರಿಗೆ ಇರುವುದು ಮೂರೇ ಜಾಗ, ಆರನೆಯವರು ಆ ಪಟ್ಟಿಯಲ್ಲಿ ಬರುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಿಲ್ಲ. ವೆನ್ಲಾಳಿಗೆ ನಮ್ಮದು ನಾಲ್ಕನೇ ಶಾಲೆ. ಮೊದಲ ಶಾಲೆಯಿಂದ ಅವಳನ್ನು ಎತ್ತಿದ್ದು ಒಂದು ಹೊಸ ತಂಡ. ಎರಡನೆಯದರಿಂದ ಎತ್ತಿದ್ದು ಸ್ಥಳಾಂತರ: ತಂಡಕ್ಕೆ ತಂಡವೇ ಗಂಟುಮೂಟೆ ಕಟ್ಟಿಕೊಂಡು ಕಡಲ ಊರಿನಿಂದ ಮರಳುಗಾಡಿನ ಊರಿಗೆ ಹೋಯಿತು, ಹೊಸ ಮಾಲೀಕರಿಗೆ ಹೊಸ ಮುಖಗಳು ಬೇಕಾದವು, ಹಳಬರನ್ನು ಒಬ್ಬೊಬ್ಬರಾಗಿ ಸಾಗಹಾಕಿದರು. ಮೂರನೆಯದರಿಂದ ಎತ್ತಿದ್ದು ಮಾರ್ಚ್ ತಿಂಗಳಲ್ಲಿ ತಂಡಗಳು ತಮ್ಮತಮ್ಮಲ್ಲೇ ಆಟಗಾರರನ್ನು ಬದಲಿಸಿಕೊಳ್ಳುವ ನಿಮ್ಮ ಅದಲುಬದಲು. ಸೆಪ್ಟೆಂಬರಿನಲ್ಲಿ ಶಾಲೆಗೆ ಬಂದ ಮೊದಲ ದಿನ ಎಲ್ಲ ಮಕ್ಕಳೂ ಕೋಟುಗಳನ್ನು ಹೊರಗಿನ ಗೂಟಕ್ಕೆ ಹಾಕಿದರೆ, ಇವಳು ತನ್ನ ಕೋಟು, ಬೂಟು ಎರಡನ್ನೂ ಕುರ್ಚಿಯ ಕೆಳಗೆ ಇಟ್ಟುಕೊಂಡಳು.

“ಗೂಟದ ಮೇಲೆ ನಿನ್ನ ಹೆಸರೇ ಬರೆದಿದೀನಲ್ಲ ಪುಟ್ಟಿ,” ಅಂದೆ.

“ಇರ್ಲಿ ಬಿಡಿ ಮಿಸ್. ಹೋಗುವಾಗ ಹುಡುಕೋ ಕಷ್ಟ ಇರಲ್ಲ.”

ನನಗೆ ನಗು ಬಂದಿತ್ತು. ಈಗ ಆ ನಗು ನೆನೆದರೆ ನಾಚಿಕೆಯಾಗುತ್ತದೆ.

ಫೆಬ್ರವರಿಯಲ್ಲಿ ನಮ್ಮ ಊರಿನ ಪತ್ರಿಕೆ (ಈ ಪತ್ರವನ್ನು ಅಚ್ಚು ಹಾಕುತ್ತಿರುವ ಪತ್ರಿಕೆಯೇ, ಸಂಪಾದಕರು ಮುನಿದುಕೊಂಡರೂ ಸರಿ) ಒಂದು ಪುಟದ ತುಂಬ ಹನ್ನೊಂದು ಖಾಲಿ ಚೌಕಗಳನ್ನು ಅಚ್ಚು ಹಾಕಿ, ‘ಯಾರನ್ನು ಉಳಿಸುತ್ತೀರಿ? ನೀವೇ ತುಂಬಿ’ ಎಂದಿತು. ಇಡೀ ಊರಿಗೆ ಅದೇ ಹುಚ್ಚು ಹಿಡಿಯಿತು. ಕ್ಷೌರದಂಗಡಿಯಲ್ಲಿ ಅದೇ, ಕಾಫಿ ಅಂಗಡಿಯಲ್ಲಿ ಅದೇ, ಚರ್ಚಿನ ಮೆಟ್ಟಿಲ ಮೇಲೂ ಅದೇ. ನನ್ನ ತರಗತಿಯ ಓರೆಸ್ಟ್ ಆ ಪುಟವನ್ನು ಕತ್ತರಿಸಿ ಶಾಲೆಗೆ ತಂದ. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ಊಟದ ಬಿಡುವಿನಲ್ಲಿ ಮಕ್ಕಳನ್ನು ಅಂಗಳಕ್ಕೆ ಬಿಡುವಂತಿರಲಿಲ್ಲ. ತರಗತಿಯೊಳಗೇ ಆಟ ಶುರುವಾಯಿತು. ಆರಾರು ಮಕ್ಕಳ ನಾಲ್ಕು ಗುಂಪು. ಓರೆಸ್ಟನ ಗುಂಪು ಹೊಸ ತಂಡ. ಉಳಿದ ಗುಂಪುಗಳು ನಾಲ್ಕು ನಾಲ್ಕು ಮಕ್ಕಳನ್ನು ಉಳಿಸಿಕೊಳ್ಳಬಹುದು, ಇಬ್ಬಿಬ್ಬರು ಬಯಲು.

ಆಗ ನಾನೇನು ಮಾಡಿದೆ? ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಒಪ್ಪಿಕೊಳ್ಳುವುದು ಹೇಗೆಂದು ನಿಮಗೂ ಒಂದು ಮಾದರಿ ಸಿಕ್ಕಲಿ. ಮಕ್ಕಳಿಗೆ ಕಳೆಯುವ ಲೆಕ್ಕ ಎಷ್ಟು ಚೆನ್ನಾಗಿ ಬರುತ್ತಿದೆಯೆಂದು ಹಿಗ್ಗಿದೆ. ಬೋರ್ಡಿನ ಮೇಲೆ ಗೆರೆ ಎಳೆದು ಕೊಟ್ಟವಳು ನಾನೇ. ಒಂದು ಕಡೆ ‘ಸೇಫ್’, ಇನ್ನೊಂದು ಕಡೆ ‘ಬಯಲು’. ಅಂದವಾಗಿ ಕಾಣಲೆಂದು ಬಣ್ಣದ ಸೀಮೆಸುಣ್ಣ ಬೇರೆ.

ವೆನ್ಲಾಳ ಗುಂಪು ವೆನ್ಲಾಳನ್ನು ಬಯಲಿಗೆ ಹಾಕಿತು. ಹೆಸರು ಬರೆದವಳು ಅವಳ ಏಕಮಾತ್ರ ಗೆಳತಿ ಜಾಸ್ಲಿನ್.

“ಯಾಕೇ ಹಾಗೆ ಬರೆದೆ?” ಅಂದೆ.

“ಅವಳು ಹೇಗಿದ್ರೂ ಹೋಗೋಳೇ ಅಲ್ವಾ ಮಿಸ್? ಅವಳಿಗೆ ಅಂತ ಒಂದು ಜಾಗ ಯಾಕೆ ದಂಡ ಮಾಡೋದು?”

ಆ ಮಾತಿನಲ್ಲಿ ಕೆಟ್ಟತನ ಒಂದು ಚೂರೂ ಇರಲಿಲ್ಲ. ಅದೇ ಬೆಳಿಗ್ಗೆ ಕ್ರೀಡಾ ಪುಟದಲ್ಲಿ ತೊರ್ಸ್ತಿಯವರ ಬಗ್ಗೆ ದೊಡ್ಡವರೊಬ್ಬರು ಇದೇ ವಾಕ್ಯ ಬರೆದಿದ್ದರು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಅಂತಾರಲ್ಲ, ಸುಳ್ಳಲ್ಲ. ಓರೆಸ್ಟ್ ಕುಣಿದಾಡಿದ: “ಬಾರೇ ವೆನ್ಲಾ, ನಿನ್ನನ್ನ ನಾವ್ ತಗೊಂಡ್ವಿ!” ವೆನ್ಲಾ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಕುರ್ಚಿಯ ಕೆಳಗಿನ ಕೋಟು ಬೂಟು ಎತ್ತಿಕೊಂಡು ಓರೆಸ್ಟನ ಸಾಲಿಗೆ ಹೋಗಿ ಕೂತಳು. ಎಂಟು ವರ್ಷದ ಮಗುವಿಗೆ ಆ ಕೆಲಸ ಅಷ್ಟು ಸಲೀಸಾಗಿ ಬರಬಾರದಿತ್ತು.

ಮರುದಿನ ಮಧ್ಯಾಹ್ನದ ಹಾಜರಿಯಲ್ಲಿ ಅವಳಿರಲಿಲ್ಲ. ಅವಳ ಗೂಟ ಸೆಪ್ಟೆಂಬರಿನಿಂದಲೂ ಖಾಲಿ, ಹಾಗಾಗಿ ಕೋಟು ಇಲ್ಲದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಡೆಸ್ಕಿನೊಳಗೆ ಒಂದು ಹಾಳೆ ಸಿಕ್ಕಿತು. ಮೂರು ಚೌಕ ಬರೆದು ‘ಅಪ್ಪ’, ‘ಅಮ್ಮ’, ‘ಎಲಿಸ್ ಪಾಪು’ ಎಂದು ತುಂಬಿದ್ದಳು. ಕೆಳಗೆ: ‘ಬಯಲು: ವೆನ್ಲಾ’. ಮನೆಗೊಬ್ಬರಂತೆ ಕೊಟ್ಟರೆ ಸಾಕು, ಮಿಕ್ಕವರನ್ನು ಬಿಟ್ಟುಬಿಡುತ್ತಾರೆ ಎಂದು ಮಗು ನಿಮ್ಮ ನಿಯಮವನ್ನು ಅರ್ಥಮಾಡಿಕೊಂಡಿತ್ತು.

ಶಾಲೆಯಿಂದ ಸೇತುವೆ ದಾಟಿ ಕ್ರೀಡಾಂಗಣಕ್ಕೆ ಎರಡೂವರೆ ಕಿಲೋಮೀಟರ್, ನಡೆದೇ ಹೋಗಿದ್ದಳು. ಅಲ್ಲಿ ಮಂಜಿನ ನೆಲ ಸಾಪು ಮಾಡುವ ಗಾಡಿ ಓಡಿಸುವ ಮರ್ವಿನ್, ತಂಡದ ಸಾಮಾನು ಹೇರುವ ಹಿಂಬಾಗಿಲ ಹತ್ತಿರ ಅವಳನ್ನು ಕಂಡ. ಕೆಟ್ಟು ಕೂತಿದ್ದ ಬೆಲ್ ಒತ್ತಿ ಒತ್ತಿ ಸಾಕಾಗಿ ನಿಂತಿದ್ದಳಂತೆ. ಬೆಲ್ ಒತ್ತಲು ತೆಗೆದ ಎಡಗೈ ಗವಸನ್ನು ಗಾಳಿ ಹಾರಿಸಿಕೊಂಡು ಹೋಗಿತ್ತು. ಬೆನ್ನಿನ ಚೀಲದಲ್ಲಿ ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಬಟ್ಟೆ, ಸ್ಕೇಟು.

“ಟೀಚರ್, ಆ ಕೂಸು ಅಳ್ತಾನೂ ಇರ್ಲಿಲ್ಲ,” ಎಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ಮರ್ವಿನ್ ಹೇಳಿದ. “‘ಅಂಕಲ್, ನಮ್ಮನೆಯಿಂದ ನಾನು ಬಂದಿದೀನಿ. ಒಬ್ರೇ ತಾನೇ ಬೇಕಾಗಿರೋದು? ನಮ್ಮಪ್ಪನ್ನ ಬಿಟ್ಬಿಡಿ’ ಅಂತು. ಇಪ್ಪತ್ತು ವರ್ಷದಿಂದ ಆ ಬಾಗಿಲು ಕಾಯ್ತಿದೀನಿ, ಇಂಥ ಮಾತು ಕೇಳಿರ್ಲಿಲ್ಲ ಕಣ್ರೀ.” ಆ ದೊಡ್ಡ ದೇಹದ ಮನುಷ್ಯ ಗೋಡೆ ಕಡೆ ತಿರುಗಿ ಮುಖ ಒರೆಸಿಕೊಂಡ.

ಎಡಗೈ ಕಿರುಬೆರಳು ಹೆಪ್ಪುಗಟ್ಟಿತ್ತು. “ಉಳಿಯುತ್ತೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ, ಬೇಸಿಗೆವರೆಗೆ ಕಾದು ನೋಡ್ಬೇಕು,” ಅಂದರು ಡಾಕ್ಟರು. ಈಗ ಮೇ ತಿಂಗಳು. ತುದಿ ಕಪ್ಪಗೆ ಒಣಗಿದೆ. ಕತ್ತರಿಸುವ ಮಾತು ಜೂನಿನಲ್ಲಂತೆ. ನಿಮ್ಮ ಪಟ್ಟಿಯೂ ಜೂನಿನಲ್ಲೇ.

ತೊರ್ಸ್ತಿಯವರು ನಿಮಗೆ ಹಿಡಿಶಾಪ ಹಾಕುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ. “ಲೀಗಿನವರನ್ನ ನಾನ್ ಹೇಗೆ ಬೈಯ್ಲಿ ಮೇಡಂ? ಹೊಸ ತಂಡ ಹುಟ್ಟದೇ ಇದ್ದಿದ್ರೆ ನನ್ನಂಥವನನ್ನ ಯಾರು ಕರೀತಿದ್ರು? ಊರಲ್ಲಿ ಲಾರಿಗೆ ಮರ ಹೇರ್ಕೊಂಡು ಇರ್ತಿದ್ದೆ.” ನಿಜವೇ. ಒಂದು ಹೊಸ ತಂಡವೆಂದರೆ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಹೊಸ ಕೆಲಸ, ಕೆಳಗಿನ ಲೀಗಿನಲ್ಲಿ ಕೊಳೆಯುತ್ತಿದ್ದವರಿಗೆ ಒಂದು ಮೆಟ್ಟಿಲು. ಈ ಮಾತನ್ನು ನೀವು ಎಲ್ಲ ಭಾಷಣದಲ್ಲೂ ಹೇಳುತ್ತೀರಿ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಮೆಟ್ಟಿಲು ಯಾರ ಮನೆಯಿಂದ ಕಿತ್ತು ತಂದದ್ದು, ಮುಂದಿನ ಸಲ ಯಾರ ಕಾಲ ಕೆಳಗಿನಿಂದ ಕೀಳುತ್ತೀರಿ ಎಂಬುದನ್ನು ಯಾವ ಭಾಷಣದಲ್ಲೂ ಹೇಳಿಲ್ಲವಲ್ಲ? ಈ ಪತ್ರವನ್ನು ಅವರಿಗೆ ಓದಿ ಹೇಳಿಯೇ ಅಚ್ಚಿಗೆ ಕೊಟ್ಟಿದ್ದೇನೆ. ಹೆಸರು ಹಾಕಲೇ ಎಂದು ಕೇಳಿದಾಗ, “ಹಾಕಿ ಮೇಡಂ, ಹೇಗಿದ್ರೂ ಬಯಲಲ್ಲೇ ಇದೀನಲ್ಲ,” ಎಂದು ನಕ್ಕರು. ಆ ನಗು ನೋಡಲಾಗಲಿಲ್ಲ.

ಮಾರ್ಚಿನಲ್ಲಿ ವೆನ್ಲಾ ಕೈಗೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಮರಳಿದಳು. ಮಕ್ಕಳಿಗೆ ತಪ್ಪು ತಿಳಿದಿತ್ತು. ಜಾಸ್ಲಿನ್ ಹೊಸ ಪಟ್ಟಿ ಬರೆದು, ವೆನ್ಲಾಳ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕಿ, ಸುತ್ತ ಹೂವು ಬಿಡಿಸಿ ಕೊಟ್ಟಳು. ವೆನ್ಲಾ ಅದನ್ನು ಎರಡು ಸಲ ಓದಿದಳು.

“ನನ್ನನ್ನ ಸೇರಿಸಿದ್ರಿ, ಸರಿ. ಯಾರನ್ನ ತೆಗೆದ್ರಿ?”

ಒಬ್ಬೊಬ್ಬರಾಗಿ ಎಲ್ಲರೂ ಜನವರಿಯಲ್ಲಷ್ಟೇ ಸೇರಿದ್ದ ಹುಡುಗನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. ನಾನು ಆ ಹಾಳೆಯನ್ನೂ ಮಿಕ್ಕ ಹಾಳೆಗಳನ್ನೂ ಹರಿದು ಹಾಕಿದೆ. ಆದರೆ ಆಟ ನಿಂತಿಲ್ಲ, ನನ್ನ ಕಣ್ಣಿಗೆ ಬೀಳದ ಕಡೆ ಹೋಗಿದೆ, ಅಷ್ಟೇ. ಕಳೆದ ವಾರ ಒಬ್ಬ ತಾಯಿ ಫೋನ್ ಮಾಡಿದ್ದರು. ಮಗ ಊಟದ ಮೇಜಿನ ಮೇಲೆ ಮನೆಯವರ ಪಟ್ಟಿ ಮಾಡಿ ಅಜ್ಜಿಯನ್ನು ಬಯಲಿಗೆ ಹಾಕಿದನಂತೆ. “ಕೇಳಿದ್ರೆ, ಅಜ್ಜಿಗೆ ವಯಸ್ಸಾಯ್ತಲ್ಲಮ್ಮ ಅಂತಾನೆ ಮಿಸ್! ಅತ್ತೆ ಮುಂದೇನೇ!”

ಇಷ್ಟು ಸಾಲದೆಂದು ಈಗ ಇನ್ನೊಂದು ಸುದ್ದಿ ಹೊಗೆಯಾಡುತ್ತಿದೆ. ನಮ್ಮ ತಂಡದ ಮಾಲೀಕರಿಗೆ ಹೊಸ ಕ್ರೀಡಾಂಗಣ ಬೇಕಂತೆ, ಕಟ್ಟಿಕೊಡದಿದ್ದರೆ ತಂಡವೇ ದಕ್ಷಿಣಕ್ಕೆ ಹೊರಡುತ್ತದಂತೆ. ನಿಮ್ಮನ್ನು ಕೇಳಿದರೆ ‘ಸದ್ಯಕ್ಕೆ ಅಂಥ ಯೋಚನೆ ಇಲ್ಲ’ ಅಂದಿರಿ. ಸದ್ಯಕ್ಕೆ! ಕಡಲ ಊರಿನವರಿಗೂ ನೀವು ಇದೇ ಮಾತು ಕೊಟ್ಟಿದ್ದಿರಿ. ಹನ್ನೊಂದು ತಿಂಗಳಲ್ಲಿ ಅಲ್ಲಿನ ಮಂಜು ಕರಗಿಸಿ, ಬಾಗಿಲಿಗೆ ಬೀಗ ಹಾಕಿದಿರಿ. ಮೊನ್ನೆ ಓರೆಸ್ಟ್, ಈಗ ಮೊದಲಿನ ಕುಣಿದಾಟವಿಲ್ಲ ಅವನಲ್ಲಿ, ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಮಿಸ್, ತಂಡ ಪೂರ್ತಿ ಹೋಗ್ಬಿಟ್ರೆ ಆಗ ಸೇಫ್ ಯಾರು?” ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತೇನೆ. ಉತ್ತರ ನಿಮ್ಮ ಹತ್ತಿರ ಇದೆಯೇ?

ಮಾರ್ಚಿನಲ್ಲೇ ಇದನ್ನೆಲ್ಲ ಖಾಸಗಿಯಾಗಿ ನಿಮಗೆ ಬರೆದಿದ್ದೆ. ಕಳೆದ ಸೋಮವಾರ ಉತ್ತರ ಬಂತು. ‘ತಮ್ಮ ಕಾಳಜಿಗೆ ಧನ್ಯವಾದಗಳು’ ಎಂಬ ಒಂದು ಸಾಲು, ಜೊತೆಗೆ ಒಂದು ಪೆಟ್ಟಿಗೆ. ಪುಸ್ತಕಗಳಿರಬೇಕೆಂದು ಮಕ್ಕಳ ಎದುರೇ ತೆರೆದೆ. ಹೊಸ ತಂಡದ ಟೋಪಿಗಳು, ಲೆಕ್ಕವಾಗಿ ಇಪ್ಪತ್ನಾಲ್ಕು. ಓರೆಸ್ಟ್ ಹಿಂದೆ ಸರಿದ. ಜಾಸ್ಲಿನ್ ಚಾಚಿದ ಕೈ ಎಳೆದುಕೊಂಡಳು. ವೆನ್ಲಾ ಒಬ್ಬಳೇ ಎದ್ದು ಬಂದು, ಒಂದು ಟೋಪಿ ಆರಿಸಿ, ಪಟ್ಟಿ ಕಟ್ಟಿದ ಕೈಯಿಂದ ತಲೆಗೆ ಹಾಕಿಕೊಂಡಳು.

“ಯಾಕೆ ಪುಟ್ಟಿ?” ಅಂದೆ.

“ಅಭ್ಯಾಸ ಆಗ್ಲಿ ಅಂತ, ಮಿಸ್.”

ಆಯುಕ್ತರೇ, ಹೊಸ ತಂಡ ಬೇಡ ಎಂದು ನಾನು ಕೇಳುತ್ತಿಲ್ಲ. ಕೇಳಿದರೆ ನೀವು ಕೊಡುವವರೂ ಅಲ್ಲ. ನಮ್ಮ ಶಾಲೆ ಜೂನ್ ಇಪ್ಪತ್ತಾರಕ್ಕೆ ಮುಗಿಯುತ್ತದೆ. ನಿಮ್ಮ ಪಟ್ಟಿಯನ್ನು ಅಲ್ಲಿಯವರೆಗೆ, ಬರೀ ಒಂಬತ್ತು ದಿನ, ಮುಂದೂಡಿ. ಬಯಲಿಗೆ ಬೀಳುವ ಒಬ್ಬೊಬ್ಬರ ಮನೆಗೂ ಪತ್ರಿಕೆಗಿಂತ ಮೊದಲು ಫೋನ್ ಮಾಡಿ. ಮಗುವಿಗೆ ಅಪ್ಪನ ಬಾಯಿಂದ ತಿಳಿಯಲಿ, ಓರೆಸ್ಟನ ಬಾಯಿಂದಲ್ಲ. ಇಷ್ಟನ್ನು ಮಾಡಲಾಗದಿದ್ದರೆ ಯಾಕೆ ಆಗುವುದಿಲ್ಲವೆಂದು ಇದೇ ಪತ್ರಿಕೆಯಲ್ಲಿ, ನಿಮ್ಮ ಸಹಿ ಹಾಕಿ ಬರೆಯಿರಿ. ಇಪ್ಪತ್ಮೂರು ಟೋಪಿಗಳನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ಇಪ್ಪತ್ನಾಲ್ಕನೆಯದನ್ನು ವೆನ್ಲಾ ತಲೆಯಿಂದ ತೆಗೆಯುತ್ತಿಲ್ಲ.

ಇಂತಿ,
ಮೂವತ್ತೊಂದು ವರ್ಷ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸಿ, ಈಗ ಕಲಿಸಲು ಹೆದರುತ್ತಿರುವ
ಹೆಲ್ಗಾ ಬಿಯರ್ನಸನ್
ಫೋರ್ಟ್ ಲಾರೋಶ್